ಮನೆಬಳಕೆಗೆ ಹಾಡು ತುಂಬಿಸಿಕೊಳ್ಳುವಿಕೆ ಮತ್ತು ಕೃತಿಸ್ವಾಮ್ಯ: ಗೋಕಾಕ, ಮೂಡಲಗಿ, ಹುಕ್ಕೇರಿ

ಕೊಂಡು ತಂದ ಕ್ಯಾಸೆಟ್ಟು, ಧಾರವಾಡ ಆಕಾಶವಾಣಿಯ ಹಾಡು, ಜಾತ್ರೆಯ ರಾತ್ರಿಯ ಪಾರಿಜಾತ ಬಯಲಾಟ: ಇವನ್ನು ಸ್ವಂತಕ್ಕೆಂದು ಮೊದಲು ಟೇಪಿನಲ್ಲಿ, ಆಮೇಲೆ ಮೆಮೊರಿ ಕಾರ್ಡಿನಲ್ಲಿ ತುಂಬಿಸಿಟ್ಟುಕೊಳ್ಳುವ ರೂಢಿಯೂ ಅದನ್ನು ಕಾನೂನು ಕಂಡ ಬಗೆಯೂ ಇಲ್ಲಿನ ವಿಷಯ.

ಬೆಳಗಾವಿ ಜಿಲ್ಲೆಯ ಈ ಭಾಗದ ಹಾಡುಗಾರಿಕೆಯಲ್ಲಿ ಶ್ರೀಕೃಷ್ಣ ಪಾರಿಜಾತಕ್ಕೆ ದೊಡ್ಡ ಪಾಲಿದೆ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಒಗ್ಗಿಸಿದ ಇನ್ನೊಬ್ಬ ತಮ್ಮಣ್ಣ ಗೋಕಾಕ ಸೀಮೆಯ ಕುಲಗೋಡದವನು. ಅದನ್ನು ಹಾಡಿ ಹೆಸರಾದ ನಿಂಗಮ್ಮ ಕೌಜಲಗಿಯವರು. ಕೃತಿಕಾರ ತೀರಿದ 60 ವರ್ಷಕ್ಕೆ (1992ರವರೆಗೆ 50) ಕೃತಿಯ ಹಕ್ಕು ಮುಗಿಯುವುದರಿಂದ ಪಾರಿಜಾತದ ಹಳೆಯ ಪದಗಳು ಇಂದು ಎಲ್ಲರ ಸೊತ್ತು. ಕಟ್ಟಿದವರ ಹೆಸರೇ ಉಳಿಯದ ಬೀಸುವ ಪದ, ಸೋಬಾನೆಗಳನ್ನು ಹಾಡಲು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಅದೇ ಪದವನ್ನು ಕಂಪನಿಯೊಂದು ಮುದ್ರಿಸಿದರೆ ಆ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು ಹುಟ್ಟುತ್ತದೆ. ತೊಡಕೆಲ್ಲ ಇರುವುದು ಇಲ್ಲಿಯೇ.

1958ರ ಜನವರಿ 21ರಂದು ಜಾರಿಗೆ ಬಂದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ ಅಧ್ಯಯನಕ್ಕೆ ವಿನಾಯಿತಿ ಕೊಟ್ಟಿತು. ಅದು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗೆ ಮಾತ್ರ. ಧ್ವನಿಮುದ್ರಣ ಆ ಸಾಲಿನಲ್ಲಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಪುಟ್ಟ ಕ್ಯಾಸೆಟ್ 1980ರ ದಶಕದಲ್ಲಿ ಹಳ್ಳಿಗಳನ್ನೂ ಮುಟ್ಟಿತು. ನೆರೆಮನೆಯ ಕ್ಯಾಸೆಟ್ಟನ್ನು ಎರವಲು ತಂದು ಖಾಲಿ ಟೇಪಿಗೆ ಇಳಿಸಿಕೊಂಡವರಿಗೆ ಕಾನೂನಿನ ಸ್ಪಷ್ಟ ಆಸರೆ ಇರಲಿಲ್ಲ. ಅದು ಸಿಕ್ಕಿದ್ದು 2012ರ ಜೂನ್ 21ರಂದು: ಅಂದು ಜಾರಿಯಾದ ತಿದ್ದುಪಡಿ ಖಾಸಗಿ ಬಳಕೆಯ ವಿನಾಯಿತಿಯನ್ನು ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಉಳಿದೆಲ್ಲ ಕೃತಿಗಳಿಗೂ ಹಿಗ್ಗಿಸಿತು. ಆ ಹೊತ್ತಿಗೆ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು.

ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರಿಗೆ ಬೇಕಾದ ಜಾನಪದ ಗೀತೆಗಳನ್ನು ದುಡ್ಡು ತೆಗೆದುಕೊಂಡು ಕಾರ್ಡಿಗೆ ಹಾಕಿಕೊಡುವ ಅಂಗಡಿ ಈ ವಿನಾಯಿತಿಯ ಹೊರಗೆ. ಹಕ್ಕುದಾರರ ಒಪ್ಪಿಗೆಯಿಲ್ಲದೆ, ಗೊತ್ತಿದ್ದೂ ಹಾಗೆ ಮಾಡಿದರೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಜರ್ಮನಿ 1965ರಲ್ಲೇ ಧ್ವನಿಮುದ್ರಣ ಯಂತ್ರಗಳ ಮೇಲೆ ಶುಲ್ಕ ಹಾಕಿ, ಮನೆಯ ಪ್ರತಿಗಳಿಂದಾಗುವ ನಷ್ಟಕ್ಕೆ ಹಕ್ಕುದಾರರಿಗೆ ಪರಿಹಾರ ಕೊಡುವ ದಾರಿ ಹಿಡಿಯಿತು. ಭಾರತದಲ್ಲಿ ಅಂಥ ಶುಲ್ಕವಿಲ್ಲ. ಮೇಳಗಳ ಬಡ ಕಲಾವಿದರ ಮಟ್ಟಿಗೆ ಇದು ನಿಜವಾದ ಕೊರತೆ.

ರಾತ್ರಿಯ ಆಟದ ಎದುರು ಟೇಪ್ ಇಟ್ಟು ತುಂಬಿಸಿಕೊಳ್ಳುವುದರ ಲೆಕ್ಕ ಬೇರೆ. ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟದ್ದು 1994ರ ತಿದ್ದುಪಡಿ. ಅದು 1995ರ ಮೇ 10ರಿಂದ ಜಾರಿಗೆ ಬಂತು. ಸ್ವಂತಕ್ಕಾಗಿ, ಪಾಠಕ್ಕಾಗಿ, ಸಂಶೋಧನೆಗಾಗಿ ಮುದ್ರಿಸಿಕೊಂಡರೆ ಆ ಹಕ್ಕಿಗೆ ಚ್ಯುತಿಯಿಲ್ಲ ಎಂದು 39ನೇ ಕಲಮು ಹೇಳುತ್ತದೆ. ಮೇಳಗಳ ದನಿ ಇಂಥ ಮನೆಯ ಟೇಪುಗಳಲ್ಲೂ ಉಳಿದಿದೆ, ಬೂಸ್ಟು ಹಿಡಿಯುವ ಮೊದಲು ಅವನ್ನು ಕಾಪಾಡಬೇಕಾಗಿದೆ. ಮಾರಲು ಹೊರಟರೆ ಮಾತ್ರ ಕಲಾವಿದರ ಒಪ್ಪಿಗೆ ಬೇಕು. ಮೊದಲು 25 ವರ್ಷವಿದ್ದ ಅವರ ಹಕ್ಕಿನ ಅವಧಿಯನ್ನು 1999ರ ತಿದ್ದುಪಡಿ 50 ವರ್ಷಕ್ಕೆ ಏರಿಸಿತು.