ಬಿದ್ದವರ ಮನಿಗೆ ಹೋದ ಡಾಕ್ಟರು

ಹೋದ ವರ್ಷ ಶ್ರಾವಣದಾಗ ನಮ್ಮತ್ತಿಯವರು ಬಚ್ಚಲದಾಗ ಜಾರಿ ಬಿದ್ರು. ಪುಣ್ಯಾ, ಎಲುವು ಮುರೀಲಿಲ್ಲ. ನೋಡ್ಲಿಕ್ಕೆ ಬಂದವರೆಲ್ಲಾ ಅಂದದ್ದು ಒಂದ ಮಾತು, "ವಯಸ್ಸಾತಲ್ಲ, ಬೀಳೋದ ಮತ್ತ. ಇನ್ನ ಒಂದ ಕಡೆ ಕೂಡಸ್ರಿ." ನಾನೂ ಹಂಗ ಮಾಡಿದೆ. ನೀರಿನ ತಂಬಿಗಿ ಸೈತ ಕೂತಲ್ಲೇ ಕೊಟ್ಟೆ. ಎರಡು ತಿಂಗಳದಾಗ ಅವರಿಗೆ ಕುರ್ಚಿಯಿಂದ ಏಳಲಿಕ್ಕೂ ನನ್ನ ಕೈ ಬೇಕಾತು. ಫಿಜಿಯೋಥೆರಪಿಗೆ ಬಂದ ಹುಡುಗಿ, "ಆಂಟಿ, ಕೂಡಿಸಿ ಕೂಡಿಸಿ ಕಾಲಾಗಿನ ಶಕ್ತಿ ನೀವ ಕಳದೀರಿ" ಅಂದಳು. ನನಗ ಭಾಳ ಸಿಟ್ಟು ಬಂತು. ಆ ಸಿಟ್ಟಿನಾಗ ಓದಿದ್ದು ಇದು.

ಇಂಗ್ಲೆಂಡಿನಾಗ ವುಲ್ವರ್‌ಹ್ಯಾಂಪ್ಟನ್ ಅಂತ ಒಂದು ಕಾರ್ಖಾನಿ ಊರು. ಅಲ್ಲಿ ಜೆ. ಎಚ್. ಶೆಲ್ಡನ್ ಅನ್ನೋ ಡಾಕ್ಟರು ಇದ್ರು. ದವಾಖಾನಿಗೆ ಬರೋದು ಮುರಿದ ಎಲುವು, ಹೆಂಗ ಬಿದ್ರು ಅನ್ನೋದು ಮನ್ಯಾಗ ಉಳೀತದ. ಶೆಲ್ಡನ್ ಅವರದು ವಯಸ್ಸಾದವರನ್ನ ಅವರ ಮನ್ಯಾಗ ಕಂಡು ತಿಳಕೊಳ್ಳೋ ಕೆಲಸ. ಹಂಗ 477 ಮಂದಿದು ಮಾಡಿ 1948ರಾಗ ಪುಸ್ತಕ ತಂದ್ರು. ಮುಂದ 1960ರಾಗ ಬರೇ ಬೀಳೋದರ ಮ್ಯಾಲೇ ಒಂದು ಲೇಖನ ಬರದ್ರು: 202 ಮಂದಿ, 500 ಸಲ ಬಿದ್ದದ್ದು. ಅಷ್ಟು ಮಂದಿ ಹೇಳಿದ್ದನ್ನ ಕೇಳಲಿಕ್ಕೆ ಎಷ್ಟು ತಾಳ್ಮಿ ಬೇಕು ನೋಡ್ರಿ! ನಮ್ಮ ಮನ್ಯಾಗ ಅತ್ತಿಯವರು ಮಾತು ಸುರು ಮಾಡಿದ್ರ ನಾವು ಕುಕ್ಕರ್ ಸೀಟಿ ನೆಪಾ ಮಾಡಿ ಎದ್ದು ಹೋಗ್ತೀವಿ.

ಕೇಳಿದ್ದಕ್ಕ ಕಾರಣ ಸಿಕ್ವು. ಮೆಟ್ಟಲಾ ಇಳಿಯೋವಾಗ, ಮುಗೀತು ಅಂತ ತಿಳದು ಕಡೀ ಮೆಟ್ಟಲಾ ತಪ್ಪಿ ಬಿದ್ದವರು. ಕತ್ತಲ್ಯಾಗ ಎಡವಿದವರು. ಮ್ಯಾಲಿಂದ ಏನರೆ ತಗೋಳಿಕ್ಕೆ ತಲಿ ಹಿಂದಕ್ಕ ಚೆಲ್ಲಿ ಬಿದ್ದವರು (ನಮ್ಮ ಉಪ್ಪಿನಕಾಯಿ ಭರಣಿ ಅಟ್ಟದ ಮ್ಯಾಲೇ ಇರ್ತದಲ್ಲಾ!). ಸುಮಾರು ಕಾಲುಭಾಗದಷ್ಟು ಸಲ ಮಾತ್ರ ಎಚ್ಚರ ಇದ್ದಂಗ, ಏನೂ ಎಡವದ, ಕಾಲು ಒಮ್ಮೆಲೆ ಕುಸದು ಬಿದ್ದದ್ದು. ಅಂದ್ರ ಬಿದ್ದದ್ದೆಲ್ಲಾ ಒಂದ ನಮೂನಿ ಅಲ್ಲ. "ವಯಸ್ಸಾತು" ಅಂತ ಒಂದ ಗಂಟು ಕಟ್ಟಿ ಇಟ್ರ ಯಾವದೂ ತಿಳಿಯೂದಿಲ್ಲ.

ಕಾರಣ ತಿಳದರೂ ತಪ್ಪಸಲಿಕ್ಕೆ ಬರ್ತದೇನು? ಅದನ್ನ ತೋರಿಸಿದವರಾಗ ನನಗ ಹೆಚ್ಚು ಹಿಡಿಸಿದವರು ನ್ಯೂಜಿಲೆಂಡಿನ ಡನೀಡನ್ ಊರಿನ ಅಜ್ಜಿಗಳು. 233 ಮಂದಿ, ಎಲ್ಲಾರೂ 80 ದಾಟಿದವರು. ಒಟಾಗೊ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಡಾಕ್ಟರು ಮತ್ತ ಅವರ ಜೋಡಿಯವರು ಇವರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿನವರ ಮನಿಗೆ ಮೊದಲ ಎರಡು ತಿಂಗಳದಾಗ ನಾಕು ಸಲ ಫಿಜಿಯೋಥೆರಪಿಯವರು ಹೋಗಿ ಕಾಲು ಗಟ್ಟಿ ಮಾಡೋದು, ತೋಲ ಹಿಡದು ನಿಲ್ಲೋದು ಕಲಿಸಿದ್ರು. ಇನ್ನೊಂದು ಗುಂಪಿನವರ ಮನಿಗೂ ಅಷ್ಟ ಸಲ ಹೋದ್ರು, ಖರೆ ಬರೇ ಮಾತಾಡಿಸಿ ಬರಲಿಕ್ಕೆ. ವರ್ಷ ತುಂಬೋದರಾಗ ಮಾತಿನ ಗುಂಪಿನವರು ಬಿದ್ದದ್ದು 152 ಸಲ, ವ್ಯಾಯಾಮದವರು 88 ಸಲ. ಇದು ಅಚ್ಚಾದದ್ದು 1997ರಾಗ. ನಾವು ಹೋಗಿ ಚಹಾ ಕುಡದು ಸಮಾಧಾನ ಹೇಳಿ ಬರೋದು ಛಲೋನ, ಆದ್ರ ಅದರಿಂದ ಕಾಲಿಗೆ ಶಕ್ತಿ ಬರೂದಿಲ್ಲ.

ಈಗ ನಮ್ಮತ್ತಿ ಗ್ಯಾಸಿನ ಕಟ್ಟಿ ಹಿಡಕೊಂಡು, ಆ ಹುಡುಗಿ ಹೇಳಿಕೊಟ್ಟಂಗ, ತುದಿಗಾಲ ಮ್ಯಾಲೆ ನಿಂತು ಇಳೀತಾರ, ಹತ್ತು ಸಲ. ನಾ ಬಾಜೂಕ ನಿಂತು ಎಣಸ್ತೀನಿ. ಬಚ್ಚಲಕ್ಕ ಹಿಡಿಕಿ, ಹೊಸಾ ಲೈಟು ಹಾಕಿಸೇವಿ. ನಿನ್ನೆ ಪಲ್ಯಾ ಸೀಯೋ ಗದ್ದಲದಾಗ ನಾ ಎಂಟಕ್ಕ "ಹತ್ತಾತು" ಅಂದೆ. "ಎಂಟ ಆಗ್ಯಾವ, ಸುಳ್ಳ ಹೇಳಬ್ಯಾಡ" ಅಂದು, ಇನ್ನೆರಡು ಮಾಡೇ ಕುರ್ಚಿಗೆ ಹೋದ್ರು.