ಔಷಧ ಮೃತ್ತಿಕೆಯ ಪೂರ್ವೋತ್ತರ

ಪಂಚಮಹಾಭೂತಗಳಲ್ಲಿ ಪೃಥ್ವಿಯು ಮನುಷ್ಯನಿಗೆ ಅತ್ಯಂತ ನಿಕಟವಾದುದು. ಆತನು ಉಣ್ಣುವ ಅನ್ನವು ಅದರಿಂದ ಹುಟ್ಟುವದು. ಆತನ ಮನೆಯು ಅದರಿಂದ ಏಳುವದು. ಕಡೆಗೆ ಆತನ ಶರೀರವೂ ಅದರಲ್ಲಿಯೇ ಅಡಗುವದು. ಇಂತಿರಲು ರೋಗದಿಂದ ಬೇಯುವ ಮಾನವನು ಕಾಲಬುಡದ ಮಣ್ಣಿಗೇ ಮೊದಲು ಕೈಚಾಚಿದುದು ಆಶ್ಚರ್ಯವಲ್ಲ. ನಮ್ಮ ಹಳ್ಳಿಗಳಲ್ಲಿ ಊತಕ್ಕೆ ಹುತ್ತದ ಮಣ್ಣು ಮೆತ್ತುವವರಿದ್ದಾರೆ. ಗಾಯದ ರಕ್ತ ನಿಲ್ಲಿಸಲು ಹಿಡಿಮಣ್ಣು ಒತ್ತುವವರಿದ್ದಾರೆ. ಕೆಮ್ಮಣ್ಣಿನ ಹೆಂಟೆಯನ್ನು ಮರೆಯಾಗಿ ಮೆಲ್ಲುವ ಬಸುರಿಯರಿದ್ದಾರೆ. ನೋಡುವ ಕಣ್ಣಿಗೆ ಈ ಮೂರೂ ಒಂದೇ ತೆರನಾದ ಮಣ್ಣಿನ ಮದ್ದು. ಪರಿಣಾಮದಲ್ಲಿ ಮಾತ್ರ ಇವುಗಳೊಳಗೆ ಅಜಗಜಾಂತರವಿದೆ. ಈ ಅಂತರವನ್ನು ಮನುಕುಲವು ಎರಡು ಸಾವಿರ ವರ್ಷಗಳಲ್ಲಿ ಹೇಗೆ ಕಲಿತುಕೊಂಡಿತೆಂಬದನ್ನು ಭಕ್ತಮಹನೀಯರ ಮುಂದೆ ಸಂಗ್ರಹವಾಗಿ ನಿವೇದಿಸುವದೇ ಈ ಲೇಖನದ ಉದ್ದೇಶ.

ನಮ್ಮ ದೇಶದ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಎಚ್ಚರದಪ್ಪಿದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಐದು ಬಗೆಯ ಪಾಂಡುರೋಗಗಳನ್ನು ಎಣಿಸಿದೆ. ಅವುಗಳಲ್ಲಿ ಐದನೆಯದು ಮೃದ್ಭಕ್ಷಣದಿಂದ, ಎಂದರೆ ಮಣ್ಣು ತಿನ್ನುವದರಿಂದ, ಹುಟ್ಟತಕ್ಕದ್ದು. ತಿಂದ ಮಣ್ಣು ಪಚನವಾಗದೆ ಸ್ರೋತಸ್ಸುಗಳನ್ನು ತುಂಬಿ ಕಟ್ಟಿ, ಬಲವನ್ನೂ ವರ್ಣವನ್ನೂ ಜಠರಾಗ್ನಿಯನ್ನೂ ಕೆಡಿಸುವದೆಂದು ಅಲ್ಲಿಯ ವಿವರಣೆ. ಅಂತೆಯೇ ಗೈರಿಕವೆಂಬ ಕಾವಿಮಣ್ಣನ್ನು ರಸಶಾಸ್ತ್ರಕಾರರು ಉಪರಸಗಳಲ್ಲಿ ಸೇರಿಸಿ, ಶೋಧಿಸಿದ ಬಳಿಕವೇ ಔಷಧಕ್ಕೆ ಬಳಸತಕ್ಕದ್ದೆಂದು ವಿಧಿಸಿದರು. ಕಂಡ ಮಣ್ಣೆಲ್ಲವೂ ಮದ್ದಲ್ಲವೆಂಬ ವಿವೇಕವು ಹೀಗೆ ನಮ್ಮಲ್ಲಿ ಬಹು ಹಳೆಯದು.

ಔಷಧವೆಂದು ಲೋಕಪ್ರಸಿದ್ಧಿಯನ್ನು ಪಡೆದ ಮಣ್ಣನ್ನು ಕಾಣಬೇಕಾದರೆ ಮಾತ್ರ ಗ್ರೀಕರ ನಾಡಿಗೆ ಹೋಗಬೇಕು. ಈಜಿಯನ್ ಸಮುದ್ರದ ಉತ್ತರಭಾಗದಲ್ಲಿ ಲೆಮ್ನಾಸ್ ಎಂಬ ದ್ವೀಪವಿದೆ. ಅಲ್ಲಿಯ ಒಂದು ಗುಡ್ಡದ ಕೆಮ್ಮಣ್ಣನ್ನು ಬಿಲ್ಲೆಗಳಾಗಿ ಮಾಡಿ, ಮುದ್ರೆಯೊತ್ತಿ, ದೇಶದೇಶಗಳಿಗೆ ಕಳಿಸುತ್ತಿದ್ದರು. ವಿಷಕ್ಕೆ, ಹಾವಿನ ಕಡಿತಕ್ಕೆ, ಮಾಯದ ಹುಣ್ಣಿಗೆ ಇದೇ ಮದ್ದೆಂದು ಜನರ ನಂಬಿಕೆ. ಈ ಮಣ್ಣಿಗೆ ಆಡಿನ ರಕ್ತವನ್ನು ಬೆರೆಸುವರೆಂದು ಡಯಾಸ್ಕರಿಡೀಸನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಬರೆದಿಟ್ಟನು.

ಮುಂದಿನ ಶತಮಾನದಲ್ಲಿ ರೋಮ್ ಚಕ್ರವರ್ತಿಯಾದ ಮಾರ್ಕಸ್ ಅರೇಲಿಯಸನ ವೈದ್ಯನಾಗಿದ್ದ ಗೇಲನನು ಈ ಮಾತನ್ನು ಕೇಳಿ ಸುಮ್ಮನಿರಲಿಲ್ಲ. ಸ್ವತಃ ನೋಡಿಬರಲು ಹೊರಟನು. ಮೊದಲ ಸಲ ಆತನ ಹಡಗು ದ್ವೀಪದ ಬೇರೊಂದು ಪಟ್ಟಣಕ್ಕೆ ಹೋಗಿ ನಿಂತುದರಿಂದ ಕಾರ್ಯವಾಗಲಿಲ್ಲ. ಎರಡನೆಯ ಯಾತ್ರೆಯಲ್ಲಿ ಆತನು ಗುಡ್ಡವನ್ನು ಕಂಡನು. ಅಲ್ಲಿಯ ದೇವಿಯ ಅರ್ಚಕಳು ಗೋದಿ ಜವೆಗಳನ್ನು ನೆಲಕ್ಕೆ ಚೆಲ್ಲಿ, ಒಂದು ಬಂಡಿಯಷ್ಟು ಮಣ್ಣನ್ನು ಊರಿಗೆ ಒಯ್ದಳು. ಅದನ್ನು ನೀರಿನಲ್ಲಿ ಕದಡಿ, ತಿಳಿಯಲು ಬಿಟ್ಟು, ತಳದ ಕಲ್ಲುಮರಳನ್ನು ತೆಗೆದು, ಜಿಗುಟಾದ ನುಣ್ಣನೆಯ ಭಾಗವನ್ನು ಮಾತ್ರ ನೆರಳಿನಲ್ಲಿ ಒಣಗಿಸಿ ಮುದ್ರೆಯೊತ್ತಿದರು. ಆಡಿನ ರಕ್ತದ ಸಂಗತಿಯನ್ನು ವಿಚಾರಿಸಿದಾಗ ಊರವರು ನಕ್ಕುಬಿಟ್ಟರೆಂದು ಗೇಲನನೇ ಬರೆದಿದ್ದಾನೆ. ಆತನು 20,000 ಬಿಲ್ಲೆಗಳನ್ನು ಕೊಂಡು ತಂದು, ವಿಷ ಸೇವಿಸಿದವರಿಗೆ ಕೊಟ್ಟು, ಅದು ವಾಂತಿ ಮಾಡಿಸುವದೆಂದು ದಾಖಲಿಸಿದನು. ಕೇಳಿದುದನ್ನು ನಂಬದೆ ಕಂಡು ಪರೀಕ್ಷಿಸಿದ ಈ ವೈದ್ಯನ ನಡತೆಯು ಮಣ್ಣಿಗಿಂತಲೂ ಬೆಲೆಯುಳ್ಳದ್ದು.

ಕಾಲಾಂತರದಲ್ಲಿ ದೇವಿಯ ಗುಡಿ ಹೋಯಿತು; ಮುದ್ರೆ ಉಳಿಯಿತು. ಅರಬ್ಬೀ ವೈದ್ಯರು ಇದನ್ನು ‘ತೀನ್ ಮಖ್ತೂಮ್’ ಎಂದು ಕರೆದು ತಮ್ಮ ನಿಘಂಟುಗಳಲ್ಲಿ ಸೇರಿಸಿದರು. ಆ ಪರಂಪರೆಯ ಯುನಾನಿ ವೈದ್ಯದೊಡನೆ ಹೆಸರು ಹಿಂದೂಸ್ಥಾನಕ್ಕೂ ಬಂದಿತು. 16ನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರವಾಸಿ ಪಿಯೇರ್ ಬೆಲೋನನು ಲೆಮ್ನಾಸಿಗೆ ಹೋದಾಗ, ತುರ್ಕರ ಆಳಿಕೆಯಲ್ಲಿ ವರ್ಷಕ್ಕೆ ಒಂದೇ ದಿನ, ಆಗಸ್ಟ್ 6ರಂದು, ಮಣ್ಣನ್ನು ಅಗೆಯುವದನ್ನು ತಿಳಿದನು. ಪೇಟೆಯಲ್ಲಿ ದೊರೆಯುತ್ತಿದ್ದ ಬಿಲ್ಲೆಗಳ ಮೇಲಾದರೋ ನಾನಾ ಬಗೆಯ ಮುದ್ರೆಗಳಿದ್ದವು. ಬೇಡಿಕೆ ಹೆಚ್ಚಿದಲ್ಲಿ ಕೃತಕ ಸರಕು ಹುಟ್ಟುವದು ಸಹಜವೇ. ಕೊಳ್ಳುವವನು ನೋಡುತ್ತಿದ್ದುದು ಮುದ್ರೆಯನ್ನು. ಒಳಗಿನ ಮಣ್ಣು ಯಾವದೆಂದು ಬಲ್ಲವರು ವಿರಳ.

ಇದೇ ಶತಮಾನದಲ್ಲಿ ಯುರೋಪಿನ ಸೈಲೀಶಿಯಾ ಪ್ರಾಂತದ ಸ್ಟ್ರೀಗಾವ್ ಎಂಬಲ್ಲಿಯ ಮಣ್ಣನ್ನೂ ಮುದ್ರೆಯೊತ್ತಿ ಮಾರತೊಡಗಿದರು. 1581ರಲ್ಲಿ ಜರ್ಮನಿಯ ಹೊಹೆನ್‌ಲೋಹೆ ಸಂಸ್ಥಾನದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕಳ್ಳನೊಬ್ಬನು, ತನ್ನ ಮೇಲೆ ಇದನ್ನು ಪರೀಕ್ಷಿಸಬೇಕೆಂದು ಬೇಡಿಕೊಂಡನು. ಆತನಿಗೆ ಪಾದರಸದ ಉಗ್ರವಿಷವನ್ನು ತಿನ್ನಿಸಿ, ಬೆನ್ನಲ್ಲೇ ಮುದ್ರೆಮಣ್ಣನ್ನು ಹಳೆಯ ದ್ರಾಕ್ಷಾರಸದಲ್ಲಿ ಕಲಸಿ ಕುಡಿಸಿದರು. ಆತನು ಬಹಳ ಸಂಕಟಪಟ್ಟನು. ಆದರೂ ಬದುಕಿಕೊಂಡು ಬಿಡುಗಡೆ ಹೊಂದಿದನು. ಒಬ್ಬನು ಬದುಕಿದ ಮಾತ್ರಕ್ಕೆ ಮದ್ದು ಸಿದ್ಧವಾಯಿತೆನ್ನಲಾಗದು. ಆದರೆ ಮಣ್ಣಿನಲ್ಲಿ ಏನೂ ಗುಣವಿಲ್ಲವೆಂದೂ ಹೇಳಲಾಗದು.

ಆ ಗುಣವು ಯಾವದೆಂಬದನ್ನು ಇಂದಿನ ವಿಜ್ಞಾನವು ಬಿಡಿಸಿ ಹೇಳುತ್ತದೆ. ಜೇಡಿಮಣ್ಣು ಅತಿಸೂಕ್ಷ್ಮವಾದ ಪದರುಗಳಿಂದಾದುದು. ಚಿಟಿಕೆ ಮಣ್ಣಿನೊಳಗಿನ ಪದರುಗಳನ್ನೆಲ್ಲ ಹರಡಿದರೆ ವಿಸ್ತಾರವಾದ ಮೈ ಆಗುವದು. ಆ ಮೈಗೆ ಋಣವಿದ್ಯುತ್ತಿನ ಅಂಶವಿರುವದರಿಂದ ಧನವಿದ್ಯುತ್ತುಳ್ಳ ಅನೇಕ ದ್ರವ್ಯಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಪ್ಯಾರಕ್ವಾಟ್ ಎಂಬ ಕಳೆನಾಶಕ ವಿಷವನ್ನು ಕುಡಿದವರಿಗೆ ಆಸ್ಪತ್ರೆಗಳಲ್ಲಿ ಕೂಡಲೇ ಜೇಡಿಮಣ್ಣಿನ ದ್ರವವನ್ನು ಕುಡಿಸುವದು ಈ ಕಾರಣದಿಂದಲೇ. ಅದರಿಂದ ಪ್ರಾಣವುಳಿಯುವದೆಂಬ ಭರವಸೆ ಮಾತ್ರ ಇಲ್ಲ. ಇನ್ನು ಹೊರಗಿನ ಲೇಪದ ವಿಷಯ: ಒದ್ದೆಮಣ್ಣಿನ ನೀರು ಆರುವಾಗ ಚರ್ಮದ ತಾಪವನ್ನು ಸೆಳೆಯುವದು, ಒಣಗುವಾಗ ಜಿಡ್ಡನ್ನು ಹೀರುವದು. ಸುಖವು ನಿಜವಾದುದೇ, ಅದರ ಮೇರೆಯೂ ಇಷ್ಟೇ.

ಹೊಸ ಕಾಲದಲ್ಲಿ ಮೃತ್ತಿಕಾಚಿಕಿತ್ಸೆಗೆ ಪುನರ್ಜನ್ಮ ಕೊಟ್ಟವರಲ್ಲಿ ಜರ್ಮನಿಯ ಅಡಾಲ್ಫ್ ಯುಸ್ಟನು ಮುಖ್ಯನು. ನಿಸರ್ಗಕ್ಕೆ ಮರಳುವದನ್ನು ಬೋಧಿಸಿದ ಆತನ ಗ್ರಂಥವನ್ನು ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ಓದಿ, ತಮ್ಮ ಮಲಬದ್ಧತೆಗೆ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಕಟ್ಟಿಕೊಳ್ಳತೊಡಗಿದರು. 1904ರಲ್ಲಿ ಜೊಹಾನ್ಸ್‌ಬರ್ಗಿನ ಭಾರತೀಯರಲ್ಲಿ ಶ್ವಾಸಕೋಶದ ಪ್ಲೇಗು ತೋರಿತು. ಒಟ್ಟು 23 ರೋಗಿಗಳು. ವೈದ್ಯರ ಒಪ್ಪಿಗೆ ಪಡೆದು ಗಾಂಧಿಯವರು ಅವರಲ್ಲಿ ಮೂವರ ತಲೆಗೂ ಎದೆಗೂ ಒದ್ದೆಮಣ್ಣಿನ ಪಟ್ಟಿ ಕಟ್ಟಿದರು. ಇಬ್ಬರು ಉಳಿದರು, ಉಳಿದವರೆಲ್ಲರೂ ತೀರಿಕೊಂಡರು, ಶುಶ್ರೂಷೆಗೆ ಬಂದ ದಾದಿಯೂ ಬಲಿಯಾದಳು. ಈ ಅನುಭವದಿಂದ ತಮ್ಮ ಶ್ರದ್ಧೆ ಬೆಳೆಯಿತೆಂದು ಆತ್ಮಕಥೆಯಲ್ಲಿ ಬರೆದ ಅವರು, ಆ ಇಬ್ಬರು ಹೇಗೆ ಉಳಿದರೆಂದು ಹೇಳಲಾಗದು, ಶ್ರದ್ಧೆಗೆ ದೃಢವಾದ ಆಧಾರವಿಲ್ಲ, ಎಂಬದನ್ನೂ ಮುಚ್ಚಿಡಲಿಲ್ಲ. ಇಂಥ ಸತ್ಯನಿಷ್ಠೆಯನ್ನು ಅವರ ಅನುಯಾಯಿಗಳಲ್ಲಿ ಎಷ್ಟು ಜನರು ನೆನೆದರೋ ತಿಳಿಯದು.

ಇತ್ತ ಅದೇ ಜರ್ಮನಿಯಲ್ಲಿ ಮಣ್ಣಿನ ಮತ್ತೊಂದು ಮುಖವು ಬಯಲಾಗಿತ್ತು. 1884ರಲ್ಲಿ ಆರ್ಥರ್ ನಿಕೊಲೈಯರನು ತೋಟದ ಮಣ್ಣನ್ನು ಪ್ರಾಣಿಗಳ ಚರ್ಮದಡಿ ಸೇರಿಸಿದಾಗ ಅವಕ್ಕೆ ಧನುರ್ವಾಯು ತಗಲಿತು. 1889ರಲ್ಲಿ ಜಪಾನಿನ ಕಿಟಸಾಟೊ ಎಂಬ ವಿದ್ವಾಂಸನು ಬರ್ಲಿನ್ನಿನಲ್ಲಿ ಆ ಜೀವಾಣುವನ್ನು ಪ್ರತ್ಯೇಕಿಸಿದನು. ಅದರ ಬೀಜಕಗಳು ಮಣ್ಣಿನಲ್ಲಿಯೂ ಗೊಬ್ಬರದಲ್ಲಿಯೂ ವರ್ಷಗಟ್ಟಲೆ ಜೀವಿಸಿರುತ್ತವೆ. ಬಿಸಿಲಿಗೆ ಒಣಗಿಸಿದರೆ, ನೀರಿನಲ್ಲಿ ತುಸು ಕುದಿಸಿದರೆ ಸಾಯುವವಲ್ಲ. ತೆರೆದ ಗಾಯಕ್ಕೆ ಮಣ್ಣು ಮೆತ್ತುವದೆಂದರೆ ಈ ಮೃತ್ಯುವಿಗೆ ಬಾಗಿಲು ತೆರೆದಂತೆ. ಅದಕ್ಕಿಂತ ಘೋರವಾದುದು ಹಸುಗೂಸಿನ ಹೊಕ್ಕುಳಿಗೆ ಮಣ್ಣನ್ನೋ ಸಗಣಿಯನ್ನೋ ಹಚ್ಚುವ ವಾಡಿಕೆ. ಹೊಕ್ಕುಳು ಮಾಸುವ ಮೊದಲೇ ಎಷ್ಟೋ ತೊಟ್ಟಿಲುಗಳು ಇದರಿಂದ ಬರಿದಾದವು. ಬಸುರಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ ಇವುಗಳ ಫಲವಾಗಿ 2015ರಲ್ಲಿ ಭಾರತದಲ್ಲಿ ತಾಯಿ-ಶಿಶುಗಳ ಧನುರ್ವಾಯು ನಿವಾರಣೆಯಾಯಿತೆಂದು ಘೋಷಿಸಲಾಯಿತು. ಮಣ್ಣಿನೊಳಗಿನ ಜೀವಾಣುವಾದರೋ ಎಲ್ಲಿಯೂ ಹೋಗಿಲ್ಲ.

ಗಾಯಕ್ಕೆ ಹಿತವಾಗುವ ಮಣ್ಣು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ ಫ್ರೆಂಚ್ ಮಹಿಳೆಯೊಬ್ಬರು ಬುರುಲಿ ಎಂಬ ಕೊಳೆಹುಣ್ಣಿಗೆ ತಮ್ಮ ದೇಶದ ಹಸಿರು ಮಣ್ಣನ್ನು ಹಚ್ಚಿ ಗುಣ ಕಂಡುದಾಗಿ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಿತ್ತರು. ಅಮೇರಿಕದ ಸಂಶೋಧಕರು ಆಕೆ ಬಳಸಿದ ಎರಡು ಮಣ್ಣುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಒಂದು ಜೀವಾಣುಗಳನ್ನು ಕೊಂದಿತು. ನೋಡಲು ಅಂಥದೇ ಆದ ಇನ್ನೊಂದು ಕೊಲ್ಲಲಿಲ್ಲ. ಬಣ್ಣದಿಂದಾಗಲಿ ಹೆಸರಿನಿಂದಾಗಲಿ ಮಣ್ಣಿನ ಗುಣವನ್ನು ತಿಳಿಯಲಾಗದೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಹೊಟ್ಟೆಗೆ ತೆಗೆದುಕೊಳ್ಳುವ ಮಣ್ಣಿನ ವಿಷಯದಲ್ಲಿ ಚರಕನ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ವಿಷವನ್ನು ಹಿಡಿಯುವ ಮಣ್ಣು ಆಹಾರದ ಕಬ್ಬಿಣವನ್ನೂ ವೈದ್ಯನಿತ್ತ ಗುಳಿಗೆಯನ್ನೂ ಹಿಡಿದುಕೊಳ್ಳಬಲ್ಲದು, ಅದಕ್ಕೆ ಮಿತ್ರಶತ್ರುಭೇದವಿಲ್ಲ. ಮಣ್ಣಿನೊಡನೆ ಜಂತುಗಳ ಮೊಟ್ಟೆಗಳೂ ಒಳಹೊಗುತ್ತವೆ. ಶೋಧಿಸಿದ ಮಣ್ಣಿನಲ್ಲಿಯೂ ಸೀಸದ ಅಂಶವಿರಬಹುದು. ಅತಿಸಾರಕ್ಕೆ ಬಹುಕಾಲದಿಂದ ಕೊಡುತ್ತಿದ್ದ ಸ್ಮೆಕ್ಟೈಟ್ ಎಂಬ ಮಣ್ಣಿನ ಔಷಧವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಫ್ರಾನ್ಸಿನ ಔಷಧಾಧಿಕಾರಿಗಳು 2019ರಲ್ಲಿ ಸೂಚಿಸಿದುದು ಈ ಶಂಕೆಯಿಂದಲೇ. ಅತಿಸಾರದಲ್ಲಿ ಮಗುವಿನ ಪ್ರಾಣವನ್ನು ಕಾಯುವದು ಉಪ್ಪುಸಕ್ಕರೆ ಬೆರೆಸಿದ ಜೀವಜಲವು.

ಇಷ್ಟರಿಂದ ಹೊರಡುವ ಸಾರಾಂಶವು ಸರಳವಾಗಿದೆ. ಬಿರಿಯದ ಚರ್ಮದ ಮೇಲೆ, ಶುಚಿಯಾದ ಸ್ಥಳದ ಗೊಬ್ಬರ ಸೋಂಕದ ಮಣ್ಣಿನ ತಂಪುಲೇಪವು ಹಿತಕರವಾಗಬಹುದು. ತೆರೆದ ಗಾಯಕ್ಕೆ, ಸುಟ್ಟ ಮೈಗೆ, ಎಳೆಗೂಸಿನ ಹೊಕ್ಕುಳಿಗೆ ಮಣ್ಣು ಸಲ್ಲದು. ಮಣ್ಣು ತಿನ್ನುವ ಬಸುರಿಯನ್ನು ಗದರಿಸುವದಕ್ಕಿಂತ ಆಕೆಯ ರಕ್ತವನ್ನು ವೈದ್ಯರಿಂದ ಪರೀಕ್ಷೆ ಮಾಡಿಸುವದು ಲೇಸು. ಆ ಬಯಕೆಯು ಎಷ್ಟೋ ವೇಳೆ ರಕ್ತಹೀನತೆಯ ಕುರುಹು. ಹಾವು ಕಡಿದವನನ್ನಾಗಲಿ ವಿಷ ಕುಡಿದವನನ್ನಾಗಲಿ ಮಣ್ಣಿನ ಮದ್ದಿಗಾಗಿ ತಡೆದಿಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಮಠದ ಅಂಗಳಕ್ಕೆ ಮದ್ದು ಕೇಳಿ ಬರುವ ಬಡವರಿಗೆ ಹಿರಿಯರು ಈ ಮಾತುಗಳನ್ನು ತಿಳಿಯಹೇಳಿದರೆ, ಒಂದು ಊರಿನಲ್ಲಿ ಒಂದು ತೊಟ್ಟಿಲಾದರೂ ಬರಿದಾಗದೆ ಉಳಿದೀತು. ಮಣ್ಣಿನ ಮೇಲಿನ ಮುದ್ರೆಯನ್ನಲ್ಲ, ಮಣ್ಣನ್ನು ಪರೀಕ್ಷಿಸಿ ನಡೆಯುವ ಬುದ್ಧಿಯು ಎಲ್ಲರಿಗೂ ಉಂಟಾಗಲಿ.