ಲೋಕವ್ಯವಹಾರದ ವಿವೇಕವೂ ಮೆದುಳೂ: ಫಿನಿಯಸ್ ಗೇಜನ ವೃತ್ತಾಂತದ ಆಧಾರಗಳು

ಇತರರ ಮಾತು, ಮುಖಭಾವ, ನಿರೀಕ್ಷೆಗಳನ್ನು ಗ್ರಹಿಸಿ, ತಾನು ಮಾಡತಕ್ಕುದೇನು, ಬಿಡತಕ್ಕುದೇನು ಎಂದು ಮನುಷ್ಯನು ನಿರ್ಣಯಿಸುತ್ತಾನೆ. ಈ ವಿವೇಕಕ್ಕೆ ಮೆದುಳಿನ ಮುಂಭಾಗವು ಅವಶ್ಯವೆಂಬುದಕ್ಕೆ ಮನಃಶಾಸ್ತ್ರದ ಗ್ರಂಥಗಳು ಪದೇ ಪದೇ ಉದಾಹರಿಸುವುದು ಅಮೆರಿಕದ ಫಿನಿಯಸ್ ಗೇಜನನ್ನು. ಆತನ ವೃತ್ತಾಂತವು ಯಾವ ಆಧಾರಗಳ ಮೇಲೆ ನಿಂತಿದೆಯೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1848ನೆಯ ಸೆಪ್ಟೆಂಬರ್ 13ರಂದು ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಊರಿನ ಬಳಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ತಂಡಕ್ಕೆ ಇಪ್ಪತ್ತೈದು ವರ್ಷದ ಗೇಜನು ಮೇಸ್ತ್ರಿಯಾಗಿದ್ದನು. ಮದ್ದು ಅಕಾಲದಲ್ಲಿ ಸಿಡಿದು, 3 ಅಡಿ 7 ಅಂಗುಲ ಉದ್ದದ, 13 ಪೌಂಡಿಗೂ ಮಿಕ್ಕ ತೂಕದ ಕಬ್ಬಿಣದ ಸಲಾಕೆಯು ಅವನ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯಿಂದ ಹೊರಬಿದ್ದಿತು. ಆದರೂ ಅವನು ಬದುಕಿದನು.

ಅವನ ನಡತೆಯ ವಿಷಯದಲ್ಲಿ ಸಮಕಾಲೀನ ಸಾಕ್ಷ್ಯಗಳು ಪರಸ್ಪರ ಹೊಂದುವುದಿಲ್ಲ. ಹಾರ್ವರ್ಡಿನ ಶಸ್ತ್ರವೈದ್ಯ ಹೆನ್ರಿ ಬಿಗೆಲೋ 1850ರಲ್ಲಿ, ಗೇಜನ ದೇಹವೂ ಬುದ್ಧಿಯೂ ಬಹುಮಟ್ಟಿಗೆ ಸರಿಹೋದುವೆಂದು ಬರೆದನು. ಚಿಕಿತ್ಸೆ ಮಾಡಿದ ವೈದ್ಯ ಜಾನ್ ಹಾರ್ಲೋ, ಗೇಜನು ತೀರಿಕೊಂಡ ಮೇಲೆ, 1868ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯೇ ಚಿತ್ರವನ್ನು ಕೊಟ್ಟನು: ಅವನು ಚಪಲಚಿತ್ತನಾದನು, ಹೊಲಸು ಮಾತನಾಡತೊಡಗಿದನು, ಹೂಡಿದ ಯೋಜನೆಗಳನ್ನು ಕೈಬಿಡುತ್ತಿದ್ದನು, ಹಳೆಯ ಮೇಸ್ತ್ರಿಗಿರಿ ಅವನಿಗೆ ಮರಳಿ ದೊರೆಯಲಿಲ್ಲ. ಪ್ರಸಿದ್ಧ ಕಥೆಗೆ ಮುಖ್ಯ ಆಧಾರವು ಈ ಕೆಲವೇ ಸಾಲುಗಳು. ಗೇಜನು ಮೃತನಾದ ವರ್ಷವನ್ನು ಇದೇ ಲೇಖನವು 1861 ಎನ್ನುತ್ತದೆ. ಅದು 1860 ಎಂದು ಅನಂತರದ ಶೋಧನೆಯಿಂದ ಸ್ಥಿರಪಟ್ಟಿದೆ. ಮುಂದಿನ ಲೇಖಕರಲ್ಲಿ ಕೆಲವರು ಅವನನ್ನು ಕುಡುಕನೆಂದೂ ಅಲೆಮಾರಿಯೆಂದೂ ವರ್ಣಿಸಿದರು. ಹಾರ್ಲೋ ಹಾಗೆ ಹೇಳಿಲ್ಲ.

ಹಾರ್ಲೋನ ಲೇಖನದಲ್ಲಿಯೇ ಮತ್ತೊಂದು ಸಂಗತಿಯುಂಟು. 1852ರಲ್ಲಿ ಗೇಜನು ಚಿಲಿ ದೇಶಕ್ಕೆ ಹೋಗಿ, ಸುಮಾರು ಏಳು ವರ್ಷ ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತ, ಆರು ಕುದುರೆಗಳ ಸಾರೋಟನ್ನು ಹೊಡೆಯುತ್ತ ಇದ್ದನು. ಪರಭಾಷೆಯ ನಾಡಿನಲ್ಲಿ ಇಂತಹ ಉದ್ಯೋಗವನ್ನು ನಡೆಸಲು ಹೊತ್ತುಗೊತ್ತು, ಸಂಯಮ, ಜನರೊಡನೆ ಹೊಂದಿಕೆ ಬೇಕೆಂಬುದು ಸ್ಪಷ್ಟ. ಕೆಟ್ಟುಹೋದ ವಿವೇಕವು ಕಾಲಕ್ರಮದಲ್ಲಿ ಬಹುಪಾಲು ಮರಳಿತೆಂದು ಮಾಲ್ಕಮ್ ಮ್ಯಾಕ್ಮಿಲನ್ ವಾದಿಸಿದ್ದಾರೆ. ಈ ವಾದವು ನಮಗೆ ಸಮಂಜಸವಾಗಿ ತೋರುತ್ತದೆ.

ಇದರಿಂದ ಮೂಲ ಸಿದ್ಧಾಂತಕ್ಕೆ ಬಾಧಕವಿಲ್ಲ. ಆಂಟೋನಿಯೋ ಡಮಾಸಿಯೋ ಮೊದಲಾದವರು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪರೀಕ್ಷಿಸಿದ ಕೆಲವು ರೋಗಿಗಳಿಗೆ ಮೆದುಳಿನ ಮುಂಭಾಗದ ಕೆಳಮಗ್ಗುಲು ಹಾನಿಗೊಂಡಿದ್ದಿತು. ಬುದ್ಧಿಪರೀಕ್ಷೆಗಳಲ್ಲಿ ಅವರು ಹಿಂದೆ ಬೀಳಲಿಲ್ಲ. ಆದರೆ ಹಣ, ಸ್ನೇಹ, ಸಂಸಾರಗಳಿಗೆ ಸಂಬಂಧಪಟ್ಟ ನಿರ್ಣಯಗಳಲ್ಲಿ ಎಡವಿದರು. ಸಿದ್ಧಾಂತಕ್ಕೆ ಬಲವಾದ ಆಧಾರವು ಇಂತಹ ಪರೀಕ್ಷೆಗಳು.

ಹಾನಿಗೊಂಡ ವಿವೇಕವು ಎಂದಿಗೂ ಚೇತರಿಸದೆಂಬುದಕ್ಕೆ ಮಾತ್ರ ಗೇಜನನ್ನು ಸಾಕ್ಷಿಗೆ ಕರೆಯಲಾಗದು. ತಲೆಗೆ ಪೆಟ್ಟುಬಿದ್ದವನ ಭವಿಷ್ಯವನ್ನು ಬಂಧುಗಳೂ ವೈದ್ಯರೂ ಇಂತಹ ದೃಷ್ಟಾಂತಗಳಿಂದ ಅಳೆಯುವುದುಂಟು. ಆದಕಾರಣ ತರಗತಿಯಲ್ಲಿ ಈ ವೃತ್ತಾಂತವನ್ನು ಹೇಳುವವರು ಚಿಲಿಯ ಏಳು ವರ್ಷಗಳನ್ನೂ ಅದರೊಡನೆ ಹೇಳುವುದು ಉಚಿತ.